ಫೂಟೇಜ್ ಕನ್ವರ್ಟ್ ಮಾಡಬೇಕಾ, ಪ್ರಾಕ್ಸಿ ಸಾಕಾ, ಹಾಗೇ ಬಿಡಬೇಕಾ?

ಗಂಗಾವತಿ, ಸಿಂಧನೂರು, ಸಿರುಗುಪ್ಪ, ಎಲ್ಲಿಯ ಸ್ಟುಡಿಯೊಗೆ ಹೋದರೂ ಈಗ ಹೆಚ್ಚುಕಡಿಮೆ ಒಂದೇ ಕಥೆ. ಕ್ಯಾಮೆರಾ ಹೊಸದು, ಕಂಪ್ಯೂಟರ್ ಹಳೆಯದು. ಗಿರಾಕಿಗಳು 4ಕೆ ಕೇಳುತ್ತಾರೆ, ಡ್ರೋನ್ ಶಾಟ್ ಕೇಳುತ್ತಾರೆ. ಹಾಗಾಗಿ ದುಡ್ಡೆಲ್ಲ ಕ್ಯಾಮೆರಾಕ್ಕೆ, ಲೆನ್ಸಿಗೆ ಹೋಗುತ್ತದೆ. ಮಿಕ್ಸಿಂಗ್ (ವಿಡಿಯೊ ಎಡಿಟಿಂಗ್) ಮಾಡುವ ಹುಡುಗನ ಮುಂದೆ ಮಾತ್ರ ನಾಲ್ಕೈದು ವರ್ಷದ ಅದೇ ಸಿಸ್ಟಮ್. ತಾಳಿ ಕಟ್ಟುವ ಕ್ಲಿಪ್ಪನ್ನು ಟೈಮ್‌ಲೈನ್‌ಗೆ ಎಳೆದು ಪ್ಲೇ ಒತ್ತಿದರೆ ಗಟ್ಟಿಮೇಳ ಕೇಳಿಸುತ್ತದೆ, ಚಿತ್ರ ನಿಂತಲ್ಲೇ ನಿಂತಿರುತ್ತದೆ. ಆಗ ಪಕ್ಕದವರ ಸಲಹೆ ಬರುತ್ತದೆ: "ಕನ್ವರ್ಟ್ ಮಾಡಿ ಹಾಕು, ಓಡುತ್ತೆ."

ಸರಿ, ಯಾವುದಕ್ಕೆ ಕನ್ವರ್ಟ್ ಮಾಡುವುದು? ಯಾವುದರಲ್ಲಿ ಮಾಡುವುದು? ಅದಕ್ಕಿಂತ ಮೊದಲು, ಮಾಡಲೇಬೇಕಾ? ನಾನು ನೋಡಿದ ಮಟ್ಟಿಗೆ ಹೆಚ್ಚಿನವರು ಎಂಪಿ4 ಫೈಲನ್ನು ಇನ್ನೊಂದು ಎಂಪಿ4 ಮಾಡುತ್ತಾರೆ. ರಾತ್ರಿಯಿಡೀ ಕಂಪ್ಯೂಟರ್ ಓಡುತ್ತದೆ, ಕ್ವಾಲಿಟಿ ಇಳಿಯುತ್ತದೆ, ಬೆಳಿಗ್ಗೆ ಟೈಮ್‌ಲೈನ್ ಹಿಂದಿನಷ್ಟೇ ತಡವರಿಸುತ್ತದೆ. ಈ ಕೆಲಸಕ್ಕೆ ನಾಲ್ಕು ದಾರಿ ಇವೆ: ಫೈಲನ್ನು ಹಾಗೇ ಬಿಡುವುದು, ಕಂಟೇನರ್ (ಫೈಲಿನ ಹೊರಗಿನ ಡಬ್ಬಿ) ಮಾತ್ರ ಬದಲಿಸುವುದು, ಪ್ರಾಕ್ಸಿ (ಎಡಿಟ್ ಮಾಡಲು ಹಗುರ ನಕಲು) ಮಾಡುವುದು, ಇಡೀ ವಿಡಿಯೊವನ್ನು ಹೊಸದಾಗಿ ಬರೆಯುವುದು ಅಂದರೆ ಪೂರ್ತಿ ಟ್ರಾನ್ಸ್‌ಕೋಡ್ ಮಾಡುವುದು. ನಮ್ಮ ಕಡೆಯ ಮದುವೆ ಕೆಲಸಕ್ಕೆ ನನ್ನ ಓಟು ಪ್ರಾಕ್ಸಿಗೆ. ಆದರೆ ಪ್ರಾಕ್ಸಿ ಕೈಕೊಡುವ ಜಾಗಗಳೂ ಇವೆ.

ಮೊದಲು ಫೈಲ್ ಏನು ಅಂತ ನೋಡಿ

ಮೀಡಿಯಾಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಫೈಲನ್ನು ಅದರೊಳಗೆ ಎಳೆದರೆ ಜಾತಕವೆಲ್ಲ ಬರುತ್ತದೆ. ಅದರಲ್ಲಿ ನೋಡಬೇಕಾದ್ದು ಕೋಡೆಕ್ (ವಿಡಿಯೊವನ್ನು ಒತ್ತಿ ಬರೆಯುವ ವಿಧಾನ) ಯಾವುದು, ಬಿಟ್ ಡೆಪ್ತ್ (ಬಣ್ಣದ ಛಾಯೆಗಳು ಎಷ್ಟು ಸೂಕ್ಷ್ಮ ಎಂಬ ಅಂಕಿ) 8 ಅಥವಾ 10, ಬಣ್ಣದ ಮಾದರಿ (ಬಣ್ಣದ ಮಾಹಿತಿ ಎಷ್ಟು ಉಳಿಸಿದೆ ಎಂಬುದು) 4:2:0 ಅಥವಾ ಅದಕ್ಕಿಂತ ಹೆಚ್ಚು ಉಳಿಸುವ 4:2:2, ಫ್ರೇಮ್ ರೇಟ್ ಸ್ಥಿರವೋ ಬದಲಾಗುವುದೋ. ಹಳೆ ಕ್ಯಾಮೆರಾದ್ದಾದರೆ ಇಂಟರ್‌ಲೇಸ್ಡ್ (ಪ್ರತಿ ಫ್ರೇಮನ್ನೂ ಎರಡು ಅರ್ಧಗಳಾಗಿ ಬರೆದದ್ದು) ಹೌದೋ ಅಲ್ಲವೋ, ಅದನ್ನೂ ನೋಡಿ. ಫೈಲ್ ಹೆಸರಿನ ಕೊನೆಯ ಎಂಪಿ4, ಎಂಒವಿ ಅನ್ನುವುದೆಲ್ಲ ಕಂಟೇನರ್ ಮಾತ್ರ. ಒಳಗಿನ ಕೋಡೆಕ್ ಯಾವುದು ಎಂದು ಅದು ಹೇಳುವುದಿಲ್ಲ. ಒಂದು ಎಂಒವಿ ಬೆಣ್ಣೆಯಂತೆ ಓಡಿ ಇನ್ನೊಂದು ಎಂಒವಿ ಹ್ಯಾಂಗ್ ಆಗುವುದು ಇದೇ ಕಾರಣಕ್ಕೆ.

ಕ್ಯಾಮೆರಾ, ಮೊಬೈಲ್, ಡ್ರೋನ್ ಬರೆಯುವುದು ಬಹುತೇಕ ಎಚ್.264 ಇಲ್ಲವೇ ಎಚ್.265. ಮೊದಲನೆಯದು 2003ರಲ್ಲಿ, ಎರಡನೆಯದು 2013ರಲ್ಲಿ ಬಂತು. ಎರಡರ ಉದ್ದೇಶವೂ ಕಡಿಮೆ ಜಾಗದಲ್ಲಿ ಹೆಚ್ಚು ವಿಡಿಯೊ ತುಂಬುವುದು. ಅದಕ್ಕೇ ಅವು ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಎಲ್ಲೋ ಒಂದು ಫ್ರೇಮ್ ಪೂರ್ತಿ ಇರುತ್ತದೆ. ಉಳಿದವಕ್ಕೆ ಅಕ್ಕಪಕ್ಕದ ಫ್ರೇಮಿಗಿಂತ ಎಷ್ಟು ಬದಲಾಗಿದೆ ಎಂಬ ಲೆಕ್ಕ ಮಾತ್ರ. ನೀವು ನಡುವೆ ಎಲ್ಲಾದರೂ ಕರ್ಸರ್ ಇಟ್ಟರೆ ಸಾಫ್ಟ್‌ವೇರ್ ಹಿಂದಿನ ಪೂರ್ತಿ ಫ್ರೇಮಿಗೆ ಹೋಗಿ, ಅಲ್ಲಿಂದ ಲೆಕ್ಕ ಮಾಡುತ್ತಾ ಬರಬೇಕು. ಸುಮ್ನೆ ಕೂತು ನೋಡುವುದಕ್ಕೆ ಇದು ತೊಂದರೆಯಲ್ಲ. ಎಡಿಟಿಂಗ್‌ನಲ್ಲಿ ನಾವು ಹಿಂದೆ ಮುಂದೆ ಜಿಗಿಯುತ್ತಲೇ ಇರುತ್ತೇವಲ್ಲ, ಪ್ರೊಸೆಸರ್ ಸುಸ್ತಾಗುವುದು ಅಲ್ಲೇ.

ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್, ಸಿನೆಫಾರ್ಮ್ ಮುಂತಾದವನ್ನು ಎಡಿಟಿಂಗ್‌ಗಾಗಿಯೇ ಮಾಡಿದ್ದು. ಅವುಗಳಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ತಿ ಇರುತ್ತದೆ. ಫೈಲ್ ದೊಡ್ಡದು, ತಲೆನೋವು ಕಡಿಮೆ.

ಹಾಗೇ ಬಿಡುವುದು

1080ಪಿ, 8 ಬಿಟ್, ಎಚ್.264 ಆದರೆ ಏನೂ ಮಾಡಬೇಡಿ. ಅದೂ ಓಡದಿದ್ದರೆ ದೋಷ ಬೇರೆಲ್ಲೋ ಇದೆ. ಫೂಟೇಜನ್ನು ಪೆನ್‌ಡ್ರೈವ್‌ನಿಂದ ನೇರ ಓಡಿಸುತ್ತಿರಬಹುದು, ಡಿಸ್ಕ್ ತುಂಬಿರಬಹುದು, ರ‍್ಯಾಮ್ ಸಾಲದಿರಬಹುದು.

4ಕೆ ಬಂದಾಗ ಪ್ರಶ್ನೆ ಹಾರ್ಡ್‌ವೇರ್‌ದು. ಡ್ರೋನಿನ ಎಚ್.265, 10 ಬಿಟ್ ಆದರೂ 4:2:0 ಆಗಿದ್ದರೆ ಈಚಿನ ಸಾಧಾರಣ ಎನ್‌ವಿಡಿಯಾ ಕಾರ್ಡ್ ಅದನ್ನು ತಾನೇ ಬಿಡಿಸುತ್ತದೆ (ಡಿಕೋಡ್ ಮಾಡುತ್ತದೆ). ತಕರಾರು 4:2:2ದ್ದು. ಸೋನಿ, ಕ್ಯಾನನ್, ಪ್ಯಾನಾಸಾನಿಕ್‌ನ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು 10 ಬಿಟ್ 4:2:2 ಬರೆಯುತ್ತವೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯವರೆಗಿನ ಕಾರ್ಡುಗಳು ಇದನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸುವುದಿಲ್ಲ. 2025ರಲ್ಲಿ ಬಂದ 50 ಸರಣಿಯಿಂದ ಆ ಸೌಲಭ್ಯ ಸಿಕ್ಕಿತು. ಆದರೆ ಇಂಟೆಲ್ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್, ಅಂದರೆ ಕ್ವಿಕ್ ಸಿಂಕ್, 11ನೇ ಪೀಳಿಗೆಯಿಂದಲೇ ಎಚ್.265ರ 4:2:2 ಬಿಡಿಸುತ್ತದೆ. ಆಪಲ್‌ನ ಎಂ1 ಮತ್ತು ನಂತರದ ಮ್ಯಾಕ್‌ಗಳೂ ಅಷ್ಟೇ.

ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಸಿಸ್ಟಮ್ ಅಸೆಂಬಲ್ ಮಾಡಿಸುವವರು ಇದೊಂದನ್ನು ನೆನಪಿಡಿ. ಹೇಗೂ ಗ್ರಾಫಿಕ್ಸ್ ಕಾರ್ಡ್ ಹಾಕಿಸುತ್ತೀರಿ ಅಂತ, ಹೆಸರಿನ ಕೊನೆಗೆ ಎಫ್ ಅಕ್ಷರ ಇರುವ ಇಂಟೆಲ್ ಪ್ರೊಸೆಸರ್ ಕೊಡುವುದುಂಟು. ಬೆಲೆ ಸ್ವಲ್ಪ ಕಡಿಮೆ. ಆದರೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಗೇಮ್ ಆಡುವವರಿಗೆ ಅದರಿಂದ ನಷ್ಟವಿಲ್ಲ. ಮದುವೆ ಮಿಕ್ಸಿಂಗ್ ಮಾಡುವವರಿಗೆ ಅದು ಸುಳ್ಳು ಉಳಿತಾಯ. ಎಫ್ ಇಲ್ಲದ್ದನ್ನೇ ಕೇಳಿ ಹಾಕಿಸಿ. ಪೂರ್ತಿ ಕನ್ವರ್ಟ್ ಮಾಡುವ ಕೆಲಸವೇ ತಪ್ಪಬಹುದು.

ಎಡಿಯಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರು "ನಮಗೆ ಇದ್ಯಾವುದೂ ಬೇಕಿಲ್ಲ" ಅನ್ನುತ್ತಾರೆ. ಅದರಲ್ಲಿ ಸತ್ಯ ಇದೆ. ಥರಾವರಿ ಫೈಲುಗಳನ್ನು ಒಂದೇ ಟೈಮ್‌ಲೈನ್‌ಗೆ ಸುರಿದರೂ ಎಡಿಯಸ್ ಎಳೆದುಕೊಂಡು ಹೋಗುತ್ತದೆ. ಮದುವೆ ಕೆಲಸದಲ್ಲಿ ಅದು ಇಷ್ಟು ಬೇರೂರಿದ್ದೂ ಅದಕ್ಕೇ. ಆದರೆ 4ಕೆ 10 ಬಿಟ್ 4:2:2, ಮೇಲೆ ಎರಡು ಕ್ಯಾಮೆರಾ ಮಲ್ಟಿಕ್ಯಾಮ್ (ಎರಡನ್ನೂ ಒಟ್ಟಿಗೆ ಓಡಿಸಿ ಎಡಿಟ್ ಮಾಡುವುದು) ಅಂದರೆ ಅದಕ್ಕೂ ಏದುಸಿರು ಬರುತ್ತದೆ.

ಕಂಟೇನರ್ ಮಾತ್ರ ಬದಲಿಸುವುದು

ಇದಕ್ಕೆ ರಿವ್ರ್ಯಾಪ್ ಅನ್ನುತ್ತಾರೆ, ಕೆಲವರು ರಿಮಕ್ಸ್ ಅನ್ನುತ್ತಾರೆ. ಒಳಗಿನ ವಿಡಿಯೊ ಮುಟ್ಟದೆ ಎಂಕೆವಿಯಿಂದ ಎಂಪಿ4ಗೆ, ಎಂಟಿಎಸ್‌ನಿಂದ ಎಂಒವಿಗೆ ವರ್ಗಾಯಿಸುವುದು. ಕ್ವಾಲಿಟಿ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಸಮಯವೂ ಫೈಲ್ ಕಾಪಿ ಆಗುವಷ್ಟೇ. ಒಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಎಂಕೆವಿ ರೆಕಾರ್ಡ್ ಮಾಡಿಕೊಂಡು, ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಅದನ್ನು ತೆರೆಯುತ್ತಿಲ್ಲ ಅಂತ ಕೂತವರಿಗೆ ಇದೇ ಮದ್ದು. ಒಬಿಎಸ್‌ನ ಫೈಲ್ ಮೆನುವಿನಲ್ಲೇ ರಿಮಕ್ಸ್ ಆಯ್ಕೆ ಇದೆ. ಫೈಲ್ ತೆರೆಯುತ್ತಿಲ್ಲ ಎಂದರೆ ಮೊದಲು ಇದನ್ನು ಮಾಡಿ. ತೆರೆಯುತ್ತದೆ ಆದರೆ ತಡವರಿಸುತ್ತದೆ ಎಂದರೆ ಇದರಿಂದ ಏನೂ ಪ್ರಯೋಜನವಿಲ್ಲ.

ಪ್ರಾಕ್ಸಿಯೋ, ಪೂರ್ತಿ ಟ್ರಾನ್ಸ್‌ಕೋಡೋ

ಪ್ರಾಕ್ಸಿ ಅಂದರೆ ಪ್ರತಿ ಕ್ಲಿಪ್ಪಿಗೂ ಒಂದು ಹಗುರ ನಕಲು. ಕತ್ತರಿಸುವುದು, ಜೋಡಿಸುವುದು, ಹಾಡಿಗೆ ಹೊಂದಿಸುವುದು ಎಲ್ಲ ಆ ನಕಲಿನ ಮೇಲೆ. ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ಮೂಲ ಫೈಲಿಗೆ ಹೋಗುತ್ತದೆ. ಟ್ರಾನ್ಸ್‌ಕೋಡ್ ಅಂದರೆ ಮೂಲದ ಜಾಗದಲ್ಲೇ ಕೂರಬಲ್ಲ ಪೂರ್ತಿ ಗಾತ್ರದ ಹೊಸ ಫೈಲ್. ಎಕ್ಸ್‌ಪೋರ್ಟ್ ಕೂಡ ಅದರಿಂದಲೇ.

ಲೆಕ್ಕ ಹಾಕೋಣ. ಎರಡು ಕ್ಯಾಮೆರಾ ಸೇರಿ 8 ಗಂಟೆ ಫೂಟೇಜ್ ಅಂತ ಇಟ್ಟುಕೊಳ್ಳಿ. ಅರಿಶಿನ, ಹಿಂದಿನ ದಿನದ ರಿಸೆಪ್ಶನ್, ಮುಹೂರ್ತ ಎಲ್ಲ ಸೇರಿದರೆ ಇದು ದೊಡ್ಡದೇನಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಆದರೆ ಗಂಟೆಗೆ 45 ಜಿಬಿ, ಒಟ್ಟು 360 ಜಿಬಿ. ಇದನ್ನೇ 4ಕೆ, 25 ಫ್ರೇಮ್, ಪ್ರೋರೆಸ್ 422 ಮಾಡಿದರೆ ಸೆಕೆಂಡಿಗೆ 492 ಮೆಗಾಬಿಟ್. ಗಂಟೆಗೆ ಸುಮಾರು 221 ಜಿಬಿ, ಒಟ್ಟು 1.8 ಟಿಬಿ ಹತ್ತಿರ. ಒಂದೇ ಮದುವೆಗೆ! 1080ಪಿ ಪ್ರೋರೆಸ್ ಪ್ರಾಕ್ಸಿ ಮಾಡಿದರೆ ಸೆಕೆಂಡಿಗೆ 38 ಮೆಗಾಬಿಟ್, ಗಂಟೆಗೆ 17 ಜಿಬಿ, ಒಟ್ಟು 140 ಜಿಬಿಯೊಳಗೆ ಮುಗಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಆರಾಮಾಗಿ ಕೂರುತ್ತದೆ.

ಜಾಗ ಇದ್ದರೂ ವೇಗ ಸಾಲಬೇಕಲ್ಲ. 492 ಮೆಗಾಬಿಟ್ ಅಂದರೆ ಸೆಕೆಂಡಿಗೆ 61 ಎಂಬಿ. ಎರಡು ಕ್ಯಾಮೆರಾ ಒಟ್ಟಿಗೆ ಓಡಿಸಿದರೆ 120 ದಾಟುತ್ತದೆ. ಹೊರಗೆ ಜೋಡಿಸುವ ಸಾಮಾನ್ಯ ತಿರುಗುವ ಹಾರ್ಡ್ ಡಿಸ್ಕ್ ಅಲ್ಲಿಗೆ ತತ್ತರಿಸುತ್ತದೆ. ಪ್ರೊಸೆಸರ್ ಮೇಲಿದ್ದ ಭಾರ ತೆಗೆದು ಡಿಸ್ಕ್ ಮೇಲೆ ಹಾಕಿದಂತಾಯಿತು ಅಷ್ಟೇ. "ಪ್ರೋರೆಸ್ ಮಾಡಿದೆ, ಆದ್ರೂ ಹ್ಯಾಂಗ್ ಆಗ್ತಿದೆ" ಅನ್ನುವವರ ಸಮಸ್ಯೆ ಬಹುಪಾಲು ಇದು.

ಇನ್ನೊಂದು ತಪ್ಪು ನಂಬಿಕೆ ಪ್ರೋರೆಸ್ ಮಾಡಿದರೆ ಕ್ವಾಲಿಟಿ ಏರುತ್ತದೆ ಎಂಬುದು. ನೀರು ಬೆರೆಸಿದ ಹಾಲನ್ನು ದೊಡ್ಡ ಕೊಳಗಕ್ಕೆ ಸುರಿದರೆ ಗಟ್ಟಿಯಾಗುವುದಿಲ್ಲ. ಕ್ಯಾಮೆರಾ 8 ಬಿಟ್‌ನಲ್ಲಿ ಕಳೆದುಕೊಂಡ ಬಣ್ಣ 422 ಎಚ್‌ಕ್ಯೂ ಮಾಡಿದರೂ ಬರುವುದಿಲ್ಲ. ಪೂರ್ತಿ ಟ್ರಾನ್ಸ್‌ಕೋಡ್‌ನ ಲಾಭ ಇದ್ದದ್ದನ್ನು ಮುಂದೆ ಕಳೆಯದಿರುವುದು, ಸರಾಗವಾಗಿ ಓಡುವುದು, ಹೆಚ್ಚಿನ ಸಾಫ್ಟ್‌ವೇರ್‌ನಲ್ಲಿ ತೆರೆಯುವುದು. ಅಷ್ಟೇ.

ಪ್ರಾಕ್ಸಿಯಲ್ಲಿ ಎಡವುವ ಜಾಗಗಳೂ ಗೊತ್ತಿರಲಿ. ಸೋನಿ ಕ್ಯಾಮೆರಾಗಳ ಕ್ಲಿಪ್ ಹೆಸರು ಸಿ0001 ಎಂದು ಶುರುವಾಗುತ್ತದೆ. ಎರಡು ಸೋನಿ ಇದ್ದರೆ ಎರಡರಲ್ಲೂ ಅದೇ ಹೆಸರಿನ ಕ್ಲಿಪ್ಪುಗಳು ಬರಬಹುದು. ಎಲ್ಲ ಪ್ರಾಕ್ಸಿ ಒಂದೇ ಫೋಲ್ಡರ್‌ಗೆ ಬಿದ್ದರೆ, ಹುಡುಗಿ ಮನೆಯ ಕ್ಲಿಪ್ಪಿಗೆ ಹುಡುಗನ ಮನೆಯ ಪ್ರಾಕ್ಸಿ ಅಂಟಿಕೊಳ್ಳಬಹುದು. ಆದ್ದರಿಂದ ಕ್ಯಾಮೆರಾಗೊಂದು, ಕಾರ್ಡಿಗೊಂದು ಫೋಲ್ಡರ್ ಇರಲಿ. ಪ್ರಾಜೆಕ್ಟ್‌ಗೆ ತಂದ ಮೇಲೆ ಮೂಲ ಫೈಲಿನ ಹೆಸರು ಬದಲಿಸಬೇಡಿ. ಪ್ರೀಮಿಯರ್‌ನಲ್ಲಿ ಹೊರಗೆ ಮಾಡಿದ ಪ್ರಾಕ್ಸಿ ಅಂಟಿಸುವಾಗ ಮೂಲದಲ್ಲಿ ಎಷ್ಟು ಆಡಿಯೊ ಚಾನೆಲ್ ಇವೆಯೋ ಪ್ರಾಕ್ಸಿಯಲ್ಲೂ ಅಷ್ಟೇ ಇರಬೇಕು, ಇಲ್ಲದಿದ್ದರೆ ಅದು ಒಪ್ಪುವುದಿಲ್ಲ. ಇನ್ನು ಫೋಕಸ್ ಸರಿ ಇದೆಯಾ, ನಾಯ್ಸ್ ಎಷ್ಟಿದೆ ಅಂತ ಪ್ರಾಕ್ಸಿ ನೋಡಿ ತೀರ್ಮಾನಿಸಬೇಡಿ. ಬಣ್ಣದ ಕೆಲಸಕ್ಕೆ ಕೂರುವಾಗ ಪ್ರಾಕ್ಸಿ ಬಟನ್ ಆಫ್ ಮಾಡಿ. ಎಕ್ಸ್‌ಪೋರ್ಟ್‌ಗೆ ಮೊದಲು ಮೂಲ ಇರುವ ಹಾರ್ಡ್ ಡಿಸ್ಕ್ ಜೋಡಿಸಿದ್ದೀರಾ, ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಪ್ರಾಕ್ಸಿ ಬಳಸು ಅನ್ನುವುದಕ್ಕೆ ಟಿಕ್ ಬಿದ್ದಿದೆಯಾ ನೋಡಿಕೊಳ್ಳಿ, ಬಿದ್ದಿದ್ದರೆ ತೆಗೆಯಿರಿ.

ಹಾಗಾದರೆ ಪೂರ್ತಿ ಟ್ರಾನ್ಸ್‌ಕೋಡ್ ಯಾರಿಗೆ? ಮೊದಲನೆಯವರು ವಿಂಡೋಸ್‌ನಲ್ಲಿ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಬಳಸುವವರು. ಉಚಿತ ಆವೃತ್ತಿ 10 ಬಿಟ್ 4:2:2 ಎಚ್.264, ಎಚ್.265 ತೆಗೆದುಕೊಳ್ಳುವುದಿಲ್ಲ. ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಇಲ್ಲಿ ಪ್ರಾಕ್ಸಿ ಮಾಡಿಕೊಂಡು ಎಡಿಟ್ ಮುಗಿಸಿದರೂ ಕೊನೆಗೆ ಮೂಲವನ್ನು ಓದಬೇಕಲ್ಲ, ಅದು ಆಗದು. ದುಡ್ಡು ಕೊಡುವ ಸ್ಟುಡಿಯೊ ಆವೃತ್ತಿ ಕೊಳ್ಳಬೇಕು, ಇಲ್ಲವೇ ಎಲ್ಲವನ್ನೂ ಡಿಎನ್‌ಎಕ್ಸ್‌ಎಚ್‌ಆರ್ ಮಾಡಬೇಕು. ಲಿನಕ್ಸ್‌ನ ಉಚಿತ ರಿಸಾಲ್ವ್ ಆದರೆ ಎಚ್.264 ಕೂಡ ಓದುವುದಿಲ್ಲ, ಅಲ್ಲಿ ಟ್ರಾನ್ಸ್‌ಕೋಡ್ ಬಿಟ್ಟು ಬೇರೆ ದಾರಿಯೇ ಇಲ್ಲ.

ಎರಡನೆಯವರು ಕಿರುಚಿತ್ರ ಮಾಡುವವರು. ಆನೆಗೊಂದಿಯ ಬಂಡೆಗಳಲ್ಲೋ ರಾಯಚೂರಿನ ಕೋಟೆಯಲ್ಲೋ ಶೂಟ್ ಮಾಡಿ, ಎಡಿಟ್ ಒಬ್ಬರ ಹತ್ತಿರ, ಬಣ್ಣದ ಕೆಲಸ ಬೆಂಗಳೂರಿನ ಇನ್ನೊಬ್ಬರ ಹತ್ತಿರ ಅಂತಿದ್ದರೆ ಆರಿಸಿದ ಶಾಟ್‌ಗಳನ್ನಷ್ಟೇ ಪ್ರೋರೆಸ್ 422 ಎಚ್‌ಕ್ಯೂ ಮಾಡಿ ಕಳಿಸುವುದು ವಾಸಿ. 15 ನಿಮಿಷದ ಚಿತ್ರಕ್ಕೆ ಬೇಕಾದ ಶಾಟ್‌ಗಳು ಎಷ್ಟಿದ್ದಾವು? ಡಿಸ್ಕ್ ಹೆದರಿಸುವಷ್ಟು ಆಗುವುದಿಲ್ಲ. ಎಸ್-ಲಾಗ್, ಡಿ-ಲಾಗ್‌ನಂಥ ಮಂಕು ಬಣ್ಣದಲ್ಲಿ ಶೂಟ್ ಮಾಡಿದ್ದರೆ ಕನ್ವರ್ಟ್ ಮಾಡುವಾಗ ಲಟ್ (ಬಣ್ಣ ಬದಲಿಸುವ ಸಿದ್ಧ ಸೂತ್ರ) ಹಾಕಬೇಡಿ, ಮಂಕಾಗಿಯೇ ಕಳಿಸಿ.

ಯಾವ ಕೋಡೆಕ್?

ಆಪಲ್ 2007ರಲ್ಲಿ ಪ್ರೋರೆಸ್ ತಂದಾಗ ಅದು ಮ್ಯಾಕ್‌ನವರ ಸ್ವತ್ತಾಗಿತ್ತು. ಈಗ ವಿಂಡೋಸ್‌ನ ಪ್ರೀಮಿಯರ್ ಅದನ್ನು ಓದುತ್ತದೆ, ಬರೆಯುತ್ತದೆ. 422 ಕುಟುಂಬದ ನಾಲ್ಕೂ ಮಟ್ಟಗಳು, ಅಂದರೆ ಪ್ರಾಕ್ಸಿ, ಎಲ್‌ಟಿ, 422, ಎಚ್‌ಕ್ಯೂ, 10 ಬಿಟ್. ಇದು ಒಳ್ಳೆಯ ಗುಣ, ಏಕೆಂದರೆ ತಪ್ಪಿ ಕೆಳಗಿನದನ್ನು ಆರಿಸಿದರೂ ಬಿಟ್ ಡೆಪ್ತ್ ಹೋಗುವುದಿಲ್ಲ.

ಅವಿಡ್ ಕಂಪನಿಯ ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಹಾಗಲ್ಲ. ಎಲ್‌ಬಿ, ಎಸ್‌ಕ್ಯೂ, ಎಚ್‌ಕ್ಯೂ ಮೂರೂ 8 ಬಿಟ್. ಹೆಚ್ಚಿನ ಬಿಟ್ ಉಳಿಯಬೇಕೆಂದರೆ ಎಚ್‌ಕ್ಯೂಎಕ್ಸ್ ಬೇಕು. ದುಬಾರಿ ಕ್ಯಾಮೆರಾದಲ್ಲಿ 10 ಬಿಟ್ ಶೂಟ್ ಮಾಡಿ, ಎಚ್‌ಕ್ಯೂ ಅಂದರೆ ಹೈ ಕ್ವಾಲಿಟಿ ಅಲ್ವಾ ಅಂತ ಅದನ್ನು ಒತ್ತಿದರೆ ಆಕಾಶದಲ್ಲಿ ಪಟ್ಟಿಪಟ್ಟಿ ಕಾಣಿಸಿಕೊಳ್ಳುತ್ತದೆ. ಪ್ರಾಕ್ಸಿಗೆ ಎಲ್‌ಬಿ, ಪೂರ್ತಿ ಟ್ರಾನ್ಸ್‌ಕೋಡ್‌ಗೆ 8 ಬಿಟ್ ಮೂಲವಾದರೆ ಎಸ್‌ಕ್ಯೂ, 10 ಬಿಟ್ ಮೂಲವಾದರೆ ಎಚ್‌ಕ್ಯೂಎಕ್ಸ್. ಬೇರೆ ಯೋಚನೆ ಬೇಡ.

ಸಿನೆಫಾರ್ಮ್ ಚೆನ್ನಾಗಿಯೇ ಇದೆ, ಆದರೆ ಕೇಳುವವರು ಕಡಿಮೆ. ಗ್ರಾಸ್ ವ್ಯಾಲಿಯ ಎಚ್‌ಕ್ಯೂಎಕ್ಸ್ ಎಡಿಯಸ್‌ನವರಿಗೆ ಹೊಂದುತ್ತದೆ. ಹೆಸರು ಒಂದೇ ಥರ ಇದೆ ಅಂತ ಡಿಎನ್‌ಎಕ್ಸ್‌ಎಚ್‌ಆರ್‌ನ ಎಚ್‌ಕ್ಯೂಎಕ್ಸ್ ಜೊತೆ ಬೆರೆಸಬೇಡಿ. ಆ ಎವಿಐ ಫೈಲನ್ನು ಬೇರೆಯವರಿಗೆ ಕೊಟ್ಟರೆ ಅವರ ಸಿಸ್ಟಮ್‌ನಲ್ಲೂ ಆ ಕೋಡೆಕ್ ಇರಬೇಕಾಗುತ್ತದೆ.

ಮೊಬೈಲ್ ಕ್ಲಿಪ್ಪುಗಳ ಗೋಳು

ಎಂಪಿ4ನಿಂದ ಎಂಪಿ4 ಬೇಡ ಎಂದೆನಲ್ಲ, ಅದಕ್ಕೊಂದು ವಿನಾಯಿತಿ ಇದೆ. ಮೊಬೈಲ್‌ಗಳು ಸಾಮಾನ್ಯವಾಗಿ ಫ್ರೇಮ್ ರೇಟನ್ನು ಸ್ಥಿರವಾಗಿ ಇಡುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ 30 ಇದ್ದದ್ದು ಇಳಿಯುತ್ತದೆ, ಮತ್ತೆ ಏರುತ್ತದೆ. ಇಂಥ ಫೈಲನ್ನು ಟೈಮ್‌ಲೈನ್‌ಗೆ ಹಾಕಿದರೆ ಆರಂಭದಲ್ಲಿ ತುಟಿ ಮಾತು ಕೂಡಿರುತ್ತವೆ, ಹತ್ತು ನಿಮಿಷದ ಹೊತ್ತಿಗೆ ದೂರಾಗಿರುತ್ತವೆ. ನಮ್ಮ ಕಡೆ ಮಾತಿನ ಕಾಮಿಡಿ ವಿಡಿಯೊ ಮಾಡುವ ಹುಡುಗರಿಗೆ ಇದು ದೊಡ್ಡ ಕಾಟ, ಏಕೆಂದರೆ ಅವರ ಶೂಟಿಂಗ್ ಮೊಬೈಲ್‌ನಲ್ಲಿ, ಧ್ವನಿ ಬೇರೆ ಮೈಕ್‌ನಲ್ಲಿ. ಮೀಡಿಯಾಇನ್ಫೋದಲ್ಲಿ ಫ್ರೇಮ್ ರೇಟ್ ಮೋಡ್ ವೇರಿಯಬಲ್ ಎಂದಿದ್ದರೆ ಎಡಿಟ್ ಶುರು ಮಾಡುವ ಮೊದಲೇ ಸ್ಥಿರ ಮಾಡಿಕೊಳ್ಳಿ. ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟರ್‌ನಲ್ಲಿ ಕಾನ್‌ಸ್ಟಂಟ್ (ಸ್ಥಿರ) ಫ್ರೇಮ್ ರೇಟ್ ಆರಿಸಿ, ಕ್ವಾಲಿಟಿ ಅಂಕಿ 16 ಅಥವಾ 18ರ ಹತ್ತಿರ ಇಟ್ಟರೆ ಕಣ್ಣಿಗೆ ಕಾಣುವ ನಷ್ಟ ಇರುವುದಿಲ್ಲ. ಅಂಕಿ ಕಡಿಮೆಯಾದಷ್ಟೂ ಕ್ವಾಲಿಟಿ ಹೆಚ್ಚು, ಇದು ಹಲವರಿಗೆ ಉಲ್ಟಾ ಅರ್ಥವಾಗುತ್ತದೆ. ಜಾಗ ಇದ್ದರೆ ನೇರವಾಗಿ ಪ್ರೋರೆಸ್ ಎಲ್‌ಟಿಯೇ ಮಾಡಿ, ಆಗ ಫ್ರೇಮ್ ರೇಟ್ ಸ್ಥಿರವಾಗುತ್ತದೆ, ಓಡುವುದೂ ಹಗುರ.

ಐಫೋನ್ 12ರಿಂದ ಈಚೆಗೆ ಎಚ್‌ಡಿಆರ್ (ಬೆಳಕು ನೆರಳಿನ ಹೆಚ್ಚು ವ್ಯಾಪ್ತಿ ಹಿಡಿಯುವ) ರೆಕಾರ್ಡಿಂಗ್ ಬಂದಿದೆ. ಅಂಥ ಕ್ಲಿಪ್ ಟೈಮ್‌ಲೈನ್‌ನಲ್ಲಿ ಬೆಳ್ಳಗೆ ಸುಟ್ಟಂತೆ ಕಂಡರೆ ಫೈಲ್ ಕೆಟ್ಟಿಲ್ಲ, ಅದನ್ನು ಸಾಮಾನ್ಯ ಬಣ್ಣಕ್ಕೆ ಇಳಿಸಬೇಕು. ಶೂಟಿಂಗ್‌ಗೆ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಆರ್ ಆಫ್ ಮಾಡಿಸಿದರೆ ಇನ್ನೂ ಒಳ್ಳೆಯದು.

ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದ್ದನ್ನು ಯಾವ ಕೋಡೆಕ್‌ಗೆ ಹಾಕಿದರೂ ಪ್ರಯೋಜನವಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಮೂಲ ಫೈಲೇ ಬರುತ್ತದೆ. ಮಿತಿ 2 ಜಿಬಿ.

ಫ್ರೇಮ್ ರೇಟಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಕರೆಂಟು 50 ಹರ್ಟ್ಜ್. ಕಲ್ಯಾಣ ಮಂಟಪದ ದೀಪಗಳ ಕೆಳಗೆ 25 ಅಥವಾ 50 ಫ್ರೇಮ್, 1/50 ಶಟರ್ ಇಟ್ಟರೆ ಮಿಣುಕು ಬರುವ ಸಂಭವ ಕಡಿಮೆ. ಎರಡು ಕ್ಯಾಮೆರಾ 25ರಲ್ಲಿ, ಡ್ರೋನ್ 30ರಲ್ಲಿ ಅಂತ ಬೆರಕೆ ಮಾಡಿ ಆಮೇಲೆ ಕನ್ವರ್ಟರ್ ಮೇಲೆ ಭಾರ ಹಾಕುವುದು ಸರಿಯಲ್ಲ. 30ನ್ನು 25 ಮಾಡಿದಾಗ ಆಗುವ ಜರ್ಕ್ ಯಾವ ಸಾಫ್ಟ್‌ವೇರ್‌ನಲ್ಲೂ ಪೂರ್ತಿ ಹೋಗುವುದಿಲ್ಲ.

ರಾತ್ರಿಯಿಡೀ ಬಯಲಾಟ, ಹಳೆ ಕ್ಯಾಸೆಟ್

ಬಯಲಾಟವೋ ಜಾತ್ರೆಯ ಕಾರ್ಯಕ್ರಮವೋ ಗಂಟೆಗಟ್ಟಲೆ ಒಂದೇ ರೆಕಾರ್ಡಿಂಗ್ ಆದಾಗ ಹಲವು ಕ್ಯಾಮ್‌ಕಾರ್ಡರ್‌ಗಳು ಫೈಲನ್ನು ತುಂಡು ತುಂಡಾಗಿ ಬರೆಯುತ್ತವೆ. ಆ ತುಂಡುಗಳನ್ನು ಬೇರೆಬೇರೆಯಾಗಿ ಕನ್ವರ್ಟ್ ಮಾಡಿ ಜೋಡಿಸಿದರೆ ಸೇರುವಲ್ಲಿ ಧ್ವನಿ ಒಂದು ಕ್ಷಣ ಕಟ್ಟಾಗುತ್ತದೆ. ಭಾಗವತರ ಪದದ ನಡುವೆ ಆದರೆ ಎದ್ದು ಕೇಳುತ್ತದೆ. ಆದ್ದರಿಂದ ಕಾರ್ಡಿನಲ್ಲಿನ ಎಂಟಿಎಸ್ ಫೈಲುಗಳನ್ನಷ್ಟೇ ಆರಿಸಿ ಎತ್ತಿಕೊಳ್ಳಬೇಡಿ. ಪ್ರೈವೇಟ್ ಫೋಲ್ಡರ್ ಸಮೇತ ಇಡೀ ಕಾರ್ಡ್ ಕಾಪಿ ಮಾಡಿ, ಎಡಿಟಿಂಗ್ ಸಾಫ್ಟ್‌ವೇರ್‌ನ ಮೀಡಿಯಾ ಬ್ರೌಸರ್‌ನಿಂದ ತೆಗೆದುಕೊಳ್ಳಿ. ಆಗ ತುಂಡುಗಳು ಒಂದೇ ಕ್ಲಿಪ್ ಆಗಿ ಬರುತ್ತವೆ.

ಹಳೆ ಮದುವೆಯ ಡಿವಿಡಿ, ಮಿನಿ ಡಿವಿ ಕ್ಯಾಸೆಟ್ ತಂದುಕೊಡುವವರು ಈಗಲೂ ಇದ್ದಾರೆ. ಅವು 720 ಬೈ 576, ಇಂಟರ್‌ಲೇಸ್ಡ್. ಡಿವಿ ಕ್ಯಾಸೆಟ್ ಗಂಟೆಗೆ ಸುಮಾರು 13 ಜಿಬಿ ಅಷ್ಟೇ, ಅದನ್ನು ಹಾಗೇ ಇಟ್ಟುಕೊಳ್ಳಿ. ಡಿಇಂಟರ್‌ಲೇಸ್ ಮಾಡುವುದಾದರೆ 25 ಬದಲು 50 ಫ್ರೇಮಿಗೆ ಮಾಡಿ, ಮೆರವಣಿಗೆಯ ಕುಣಿತದಲ್ಲಿ ವ್ಯತ್ಯಾಸ ಕಾಣುತ್ತದೆ. 4ಕೆಗೆ ಹಿಗ್ಗಿಸಿ ಕೊಡುತ್ತೇವೆ ಎಂದು ದುಡ್ಡು ಕೇಳುವುದು ಮಾತ್ರ ಬೇಡ.

ಯಾವ ಸಾಫ್ಟ್‌ವೇರ್‌ನಲ್ಲಿ ಮಾಡುವುದು

ಎಡಿಟಿಂಗ್ ಸಾಫ್ಟ್‌ವೇರ್ ಒಳಗಿಂದಲೇ ಪ್ರಾಕ್ಸಿ ಮಾಡುವುದು ಎಲ್ಲಕ್ಕಿಂತ ಸುರಕ್ಷಿತ, ಹೆಸರು, ಟೈಮ್‌ಕೋಡ್, ಆಡಿಯೊ ಎಲ್ಲ ತಾನಾಗಿ ಹೊಂದುತ್ತದೆ. ಪ್ರೀಮಿಯರ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಕ್ಸಿ ಆರಿಸಿದರೆ ಮೀಡಿಯಾ ಎನ್‌ಕೋಡರ್ ಹಿಂದೆ ಕೆಲಸ ಮಾಡುತ್ತದೆ. ರಿಸಾಲ್ವ್‌ನಲ್ಲೂ ಹಾಗೇ. ರಿಸಾಲ್ವ್ 18ರ ಜೊತೆ ಬಂದ ಪ್ರಾಕ್ಸಿ ಜನರೇಟರ್ ಇನ್ನೂ ಸಲೀಸು. ಒಂದು ಫೋಲ್ಡರ್ ತೋರಿಸಿಟ್ಟರೆ ಅದರೊಳಗೆ ಬಿದ್ದ ಕ್ಲಿಪ್ಪಿಗೆಲ್ಲ ಪ್ರಾಕ್ಸಿ ಮಾಡುತ್ತಾ ಕೂರುತ್ತದೆ.

ಹೊರಗಿನದು ಬೇಕೆಂದರೆ ನಾನು ಶಟರ್ ಎನ್‌ಕೋಡರ್ ಹೇಳುತ್ತೇನೆ. ಉಚಿತ. ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್, ರಿವ್ರ್ಯಾಪ್ ಎಲ್ಲವೂ ಒಂದೇ ಪಟ್ಟಿಯಲ್ಲಿವೆ. ಅದರ ಹೊಟ್ಟೆಯೊಳಗೆ ಇರುವುದು ಎಫ್‌ಎಫ್‌ಎಂಪೆಗ್. 2000ದಿಂದ ಬೆಳೆಯುತ್ತಾ ಬಂದ ಈ ಉಚಿತ ಎಂಜಿನ್ ಮೇಲೆಯೇ ಅನೇಕ ಕನ್ವರ್ಟರ್‌ಗಳು ನಿಂತಿವೆ. ಕಮಾಂಡ್ ಟೈಪ್ ಮಾಡಲು ಬೇಜಾರಿಲ್ಲದವರು ನೇರ ಎಫ್‌ಎಫ್‌ಎಂಪೆಗ್ ಕಲಿಯಬಹುದು, ನೂರು ಕ್ಲಿಪ್ಪಿಗೆ ಒಂದೇ ಸಾಲು ಸಾಕು. ಹ್ಯಾಂಡ್‌ಬ್ರೇಕ್ ಒಳ್ಳೆಯ ಸಾಫ್ಟ್‌ವೇರ್, ಆದರೆ ಅದು ಹುಟ್ಟಿದ್ದು ಡಿವಿಡಿಯನ್ನು ನೋಡಲು ಚಿಕ್ಕದು ಮಾಡುವುದಕ್ಕೆ. ಮೊಬೈಲ್ ಕ್ಲಿಪ್ ಸ್ಥಿರ ಮಾಡಲು, ಗಿರಾಕಿಗೆ ಕಾಪಿ ಕೊಡಲು ಬಳಸಿ. ಎಡಿಟಿಂಗ್‌ಗೆ ಎಲ್ಲವನ್ನೂ ಅದರಲ್ಲಿ ಹಾಯಿಸುವ ಅಭ್ಯಾಸ ಬಿಡಿ.

ಆನ್‌ಲೈನ್ ಕನ್ವರ್ಟರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 360 ಜಿಬಿ ಅಪ್‌ಲೋಡ್ ಮಾಡುವ ನೆಟ್ ಇದ್ದರೂ, ಇನ್ನೊಬ್ಬರ ಮನೆಯ ಮದುವೆಯನ್ನು ಗುರುತಿಲ್ಲದ ಸರ್ವರ್‌ಗೆ ಕೊಡುವುದು ತರವಲ್ಲ.

ಬಿಸಿಲು ಮತ್ತು ಕರೆಂಟು

ಮದುವೆ ಸೀಸನ್ ಏಪ್ರಿಲ್, ಮೇ. ಬಳ್ಳಾರಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುವುದೂ ಆಗಲೇ. ಕನ್ವರ್ಟ್ ಅಂದರೆ ಪ್ರೊಸೆಸರ್ ಗಂಟೆಗಟ್ಟಲೆ ಪೂರ್ತಿ ದುಡಿಯುವುದು. ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ, ಎರಡು ಗಂಟೆಯ ಕೆಲಸ ನಾಲ್ಕಾಗುತ್ತದೆ. ರಾತ್ರಿ ಹಾಕಿ. ಸಂಡೂರು, ತೋರಣಗಲ್ಲು ಕಡೆ ಕೆಂಪು ಧೂಳು ಫ್ಯಾನಿನೊಳಗೆ ಮೆತ್ತಿರುತ್ತದೆ, ಸೀಸನ್‌ಗೆ ಮುಂಚೆ ಒಮ್ಮೆ ಊದಿಸಿ ಸ್ವಚ್ಛ ಮಾಡಿಸಿ.

ರಾತ್ರಿ ಹಾಕಿದಾಗ ಕರೆಂಟ್ ಹೋದರೆ? ಸಾಮಾನ್ಯವಾಗಿ ಎಂಪಿ4, ಎಂಒವಿ ಫೈಲಿನ ಸೂಚಿ ಬರೆಯುವುದು ಕೊನೆಯಲ್ಲಿ. ನಡುವೆ ನಿಂತರೆ ಆವರೆಗೆ ಬರೆದದ್ದೂ ತೆರೆಯುವುದಿಲ್ಲ. ಯುಪಿಎಸ್ ಇರಲಿ. ಇದ್ದರೂ ಎಲ್ಲ ಕ್ಲಿಪ್ ಸೇರಿಸಿ ಒಂದೇ ದೊಡ್ಡ ಫೈಲ್ ಮಾಡುವ ಬದಲು ಕ್ಲಿಪ್ಪಿಗೊಂದು ಫೈಲ್ ಆಗುವಂತೆ ಸಾಲಿನಲ್ಲಿ ಹಾಕಿ. ನಿಂತಾಗ ಆ ಒಂದು ಕ್ಲಿಪ್ ಮಾತ್ರ ಹೋಗುತ್ತದೆ.

ಕನ್ವರ್ಟ್ ಆದ ಮೇಲೆ ಕಾರ್ಡ್ ಫಾರ್ಮ್ಯಾಟ್ ಮಾಡುವ ಆತುರ ಬೇಡ. ಉದ್ದದ ಒಂದು ಕ್ಲಿಪ್ ತೆರೆದು ಕೊನೆಯವರೆಗೆ ಜಿಗಿದು ನೋಡಿ, ಧ್ವನಿ ಕೂಡಿದೆಯಾ, ಕಪ್ಪು ಬಿಳುಪು ಮೂಲದಷ್ಟೇ ಇದೆಯಾ ಅಂತ. ಕೆಲಸ ಮುಗಿದು ಗಿರಾಕಿ ಒಪ್ಪಿಕೊಂಡ ಮೇಲೆ ಪ್ರಾಕ್ಸಿಗಳನ್ನು ಧೈರ್ಯವಾಗಿ ಅಳಿಸಬಹುದು, ಬೇಕಾದಾಗ ಮತ್ತೆ ಮಾಡಿಕೊಳ್ಳಬಹುದು. ಟ್ರಾನ್ಸ್‌ಕೋಡ್ ಫೈಲುಗಳನ್ನೂ ಅಳಿಸಬಹುದು, ಆದರೆ ಪ್ರಾಜೆಕ್ಟ್ ಅವಕ್ಕೇ ಕಟ್ಟಿಕೊಂಡಿರುತ್ತದೆ. ನಾಳೆ ಆಲ್ಬಮ್ ಹಾಡು ಬದಲಿಸಿ ಎಂದು ಬಂದರೆ ಅದೇ ಹೆಸರು, ಅದೇ ಜಾಗದಲ್ಲಿ ಮತ್ತೆ ತಯಾರಿಸಬೇಕು. ಅದಕ್ಕೆ ಯಾವ ಸೆಟ್ಟಿಂಗ್‌ನಲ್ಲಿ ಮಾಡಿದ್ದಿರಿ ಎಂದು ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಬರೆದಿಡಿ.